ಸ್ವಲ್ಪ ಕೂತ್ಕೊಳ್ಳಿ

"ಅಂಥದ್ದೇನಿಲ್ಲ ಸಿಸ್ಟರ್" ಎಂಬ ಮಾತು ತನ್ನ ಬಾಯಿಂದ ಯಾಕೆ ಬಂತು ಎನ್ನುವುದು ಬೆಂಚಿನ ಮೇಲೆ ಕೂತ ಮೇಲೂ ಅವನಿಗೆ ತಿಳಿಯಲಿಲ್ಲ. ಸಿಸ್ಟರ್ ಕೇಳಿದ್ದು ಅವನನ್ನಲ್ಲ. ತುರ್ತು ವಿಭಾಗದ ಬಾಗಿಲಲ್ಲೇ ಮೇಜು ಹಾಕಿಕೊಂಡು, ಬಂದವರಿಗೆಲ್ಲ ಒಂದೆರಡು ಪ್ರಶ್ನೆ ಕೇಳಿ, ಯಾರಿಗೆ ಎಷ್ಟು ಅವಸರವೆಂದು ಅಂದಾಜು ಮಾಡಿ ಕೈಗೆ ಕೆಂಪು, ಹಳದಿ, ಹಸಿರು ಪಟ್ಟಿ ಕಟ್ಟುತ್ತಿದ್ದ ಆಕೆ ಅವನ ಹೆಂಡತಿಯ ಮುಖವನ್ನೇ ನೋಡಿ, "ಏನಾಗ್ತಿದೆ ಅಮ್ಮಾ?" ಎಂದಿದ್ದಳು. ಹೆಂಡತಿ ಬಾಯಿ ತೆರೆದಿದ್ದಳು ಕೂಡ. ಅಷ್ಟರಲ್ಲಿ ಇವನು ನಡುವೆ ಬಾಯಿ ಹಾಕಿ, "ಅಂಥದ್ದೇನಿಲ್ಲ ಸಿಸ್ಟರ್, ಬೆಳಗ್ಗೆಯಿಂದ ಸ್ವಲ್ಪ ಹೊಟ್ಟೆ ಹಿಡ್ಕೊಂಡ ಹಾಗಿದೆ. ಗ್ಯಾಸ್ ಇರಬೇಕು" ಎಂದುಬಿಟ್ಟ. ಸಿಸ್ಟರ್ ಮುಖದಲ್ಲಿ ಆಗ ಎಂಥ ನೆಮ್ಮದಿ ಕಂಡಿತು! ಬೆಳಗಿನಿಂದ 'ಸಾಯ್ತಿದ್ದಾರೆ, ಬೇಗ ನೋಡಿ' ಎಂದು ಮೇಜು ಕುಟ್ಟುವವರನ್ನೇ ಕಂಡು ಬೇಸತ್ತವಳಿಗೆ, ಹೊಟ್ಟೆನೋವನ್ನು ಹೊಟ್ಟೆನೋವಿನಷ್ಟೇ ಹೇಳುವ ಸಭ್ಯನೊಬ್ಬ ಸಿಕ್ಕಿದ್ದ. ಅವಳು ಅವನನ್ನು ನೋಡಿ ನಕ್ಕಳು. ಹೆಂಡತಿಯ ಕೈಗೆ ಹಸಿರು ಪಟ್ಟಿ ಕಟ್ಟಿ, "ಸ್ವಲ್ಪ ಕೂತ್ಕೊಳ್ಳಿ, ಕರೀತೀವಿ" ಎಂದಳು. ಆ ನಗುವಿನ ಬಿಸುಪು ಇನ್ನೂ ಆರದಿರುವಾಗಲೇ ಅವನು ಹೆಂಡತಿಯ ತೋಳು ಹಿಡಿದು ಕರೆತಂದು ಗೋಡೆಗುಂಟ ಹಾಕಿದ್ದ ಬೆಂಚಿನ ಮೇಲೆ ಕೂರಿಸಿ, ತಾನೂ ಕೂತ.

ಕೂತ ಮೇಲೆ ಇರುಸುಮುರುಸು ಶುರುವಾಯಿತು. ಯಾಕೆಂದರೆ 'ಸ್ವಲ್ಪ ಕೂತ್ಕೊಳ್ಳಿ' ಎನ್ನುವುದು ಅವನದೇ ಮಾತು. ಊರಿಗೆ ನೀರು ಬಿಡುವ ಕಚೇರಿಯ ದೂರು ವಿಭಾಗದಲ್ಲಿ ಕೂತು ದಿನವಿಡೀ ಅವನು ಹೇಳುತ್ತಿದ್ದುದು ಇದೊಂದನ್ನೇ. ಹಿಂದೆ ಅಲ್ಲಿ ಬೆಂಚಿರಲಿಲ್ಲ. ಜನ ಕಿಟಕಿಗೆ ಮುತ್ತಿಕೊಂಡು, ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಕೈ ಚಾಚಿ, ನಲ್ಲಿ ಬರ್ತಿಲ್ಲ, ಪೈಪ್ ಒಡೆದಿದೆ, ನೀರಲ್ಲಿ ಹುಳ ಎಂದು ಕಿರುಚುತ್ತಿದ್ದರು. ನಿಂತವರಿಗೆ ಕಾಲು ನೋಯುತ್ತದೆ, ಕಾಲು ನೋಯುವುದರಿಂದ ಕೂಗುತ್ತಾರೆ, ಕೂರಿಸಿದರೆ ಕೂಗುವುದಿಲ್ಲ ಎಂದು ಅವನು ಮೇಲಧಿಕಾರಿಗೆ ಮನವರಿಕೆ ಮಾಡಿಕೊಟ್ಟು ಒಂದು ಉದ್ದನೆಯ ಬೆಂಚು ಹಾಕಿಸಿದ. ಪವಾಡವೇ ನಡೆದುಹೋಯಿತು. ಕೂತವರು ತಣ್ಣಗಾದರು. ಕೂತವರು ಕಿಟಕಿಯ ಮಟ್ಟಕ್ಕಿಂತ ಕೆಳಗಿರುವುದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಕಣ್ಣಿಗೆ ಬೀಳದ್ದರಿಂದ ಮನಸ್ಸಿಗೂ ಬರುತ್ತಿರಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಟೆಂಡರ್ 'ನಾಳೆ ಬನ್ನಿ' ಎಂದರೆ ಎದ್ದು, ಥ್ಯಾಂಕ್ಸ್ ಬೇರೆ ಹೇಳಿ ಹೋಗುತ್ತಿದ್ದರು. ದೂರುಗಳು ಅರ್ಧಕ್ಕರ್ಧ ಇಳಿದವೆಂದು ಮೇಲಧಿಕಾರಿ ಸಭೆಯಲ್ಲಿ ಹೊಗಳಿದರು. ಸಹೋದ್ಯೋಗಿಗಳು ಬೆನ್ನ ಹಿಂದೆ ಬೆಂಚಪ್ಪ ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದಾಗ ಅವನಿಗೆ ಸಿಟ್ಟು ಬರುವ ಬದಲು ಒಳಗೊಳಗೇ ಖುಷಿಯಾಗಿತ್ತು. ಎಷ್ಟೋ ಜನ ಬದುಕೆಲ್ಲ ಸವೆಸಿ ಒಂದು ಅಡ್ಡಹೆಸರನ್ನೂ ಸಂಪಾದಿಸದೆ ನಿವೃತ್ತರಾಗುತ್ತಾರೆ. ಈಗ ಬೆಂಚಪ್ಪ ಬೆಂಚಿನ ಮೇಲೆ ಕೂತಿದ್ದ.

"ನಿಮ್ಮ ಬೆಂಚು ಇಲ್ಲಿಗೂ ಬಂದಿದೆಯಲ್ಲ ರೀ" ಎಂದಳು ಹೆಂಡತಿ. ಹೊಟ್ಟೆಯ ಮೇಲ್ಭಾಗವನ್ನು ಅಂಗೈಯಿಂದ ಒತ್ತಿ ಹಿಡಿದು, ತುಸು ಮುಂದಕ್ಕೆ ಬಾಗಿ ಕೂತಿದ್ದಳು. ಅವಳು ತಮಾಷೆ ಮಾಡಿದಳೆಂದರೆ ನೋವು ತಡೆಯುವಷ್ಟೇ ಇದೆ ಎಂದು ಅವನು ತನಗೆ ಅನುಕೂಲವಾದ ಲೆಕ್ಕ ಹಾಕಿಕೊಂಡ. "ಕರೀತಾರೆ ಬಿಡು, ಇನ್ನೇನು" ಎಂದ. ಈ 'ಇನ್ನೇನು' ಕೂಡ ಕಚೇರಿಯದೇ ಸರಕು.

ಕರೆಯುವುದಾದರೂ ಎಲ್ಲಿಗೆ? ಒಳಗೆ ಜಾಗವೆಂಬುದೇ ಇರಲಿಲ್ಲ. ಹೊರಗೆ ಆಂಬುಲೆನ್ಸುಗಳು ಸಾಲಾಗಿ ನಿಂತಿದ್ದವು. ಹಾಸಿಗೆ ಖಾಲಿಯಾಗುವ ತನಕ ರೋಗಿಯನ್ನು ಇಳಿಸುವಂತಿಲ್ಲ, ಇಳಿಸದೆ ಸ್ಟ್ರೆಚರ್ ವಾಪಸ್ ಸಿಗುವಂತಿಲ್ಲ, ಸ್ಟ್ರೆಚರ್ ಇಲ್ಲದೆ ಇನ್ನೊಂದು ಕರೆಗೆ ಹೋಗುವಂತಿಲ್ಲವಾಗಿ ಡ್ರೈವರುಗಳು ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಒಳಗಿನವರನ್ನೇ ದುರುಗುಟ್ಟಿ ನೋಡುತ್ತಿದ್ದರು. ಹಾಲಿನ ಎರಡೂ ಗೋಡೆಗೆ ಸ್ಟ್ರೆಚರುಗಳು ಒತ್ತಿಕೊಂಡು ನಿಂತು ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ ಉಳಿದಿತ್ತು. ಡ್ರಿಪ್ಪಿನ ಬಾಟಲಿಗೆ ಕಂಬ ಸಾಲದೆ ಕಿಟಕಿಯ ಸರಳಿಗೆ ಬ್ಯಾಂಡೇಜಿನಲ್ಲಿ ಕಟ್ಟಿದ್ದರು. ಸರಳೂ ಸಿಗದ ಕಡೆ ಮಗಳೋ ಅಳಿಯನೋ ಕೈ ಎತ್ತಿ ಹಿಡಿದುಕೊಂಡು, ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸುತ್ತಿದ್ದರು. ಶೌಚಾಲಯದ ಬಾಗಿಲಿಗೆ ಅಡ್ಡವಾಗಿ ಒಂದು ಸ್ಟ್ರೆಚರಿನ ಮೇಲೆ ಮುದುಕನೊಬ್ಬ ಮಲಗಿದ್ದ. ಒಳಗೆ ಹೋಗುವವರು ಅವನನ್ನು ಪಕ್ಕಕ್ಕೆ ತಳ್ಳಿ ಹೋಗುತ್ತಿದ್ದರು, ಬರುವವರು ಎಳೆದು ಮತ್ತೆ ಅಲ್ಲೇ ನಿಲ್ಲಿಸುತ್ತಿದ್ದರು. ಸ್ಟ್ರೆಚರ್ ಅಲುಗಿದಾಗಲೆಲ್ಲ ಮುದುಕ ತಲೆ ಎತ್ತಿ, "ಬಂತಾ ನನ್ ಸರದಿ?" ಎಂದು ಕೇಳುತ್ತಿದ್ದ. ಮೊದಮೊದಲು ಯಾರೋ ಒಬ್ಬರು 'ಇಲ್ಲ ತಾತ' ಎನ್ನುತ್ತಿದ್ದರು. ಆಮೇಲಾಮೇಲೆ ಯಾರೂ ಏನೂ ಅನ್ನಲಿಲ್ಲ.

ಹಸಿರು ಪಟ್ಟಿಯವರು ಬೆಂಚಿನ ಮೇಲಿದ್ದರು. ಹಸಿರೆಂದರೆ ಕಾಯಬಹುದಾದವರು. ಅವನ ಪಕ್ಕ ಬೆರಳು ಕೊಯ್ದುಕೊಂಡ ಬಡಗಿ, ಆಚೆಗೆ ಜ್ವರದ ಮಗುವನ್ನು ಮಡಿಲಲ್ಲಿ ಹಾಕಿಕೊಂಡ ತಾಯಿ, ಅದರಾಚೆಗೆ ಏನಾಗಿದೆಯೆಂದು ಗೊತ್ತಾಗದಷ್ಟು ಸುಮ್ಮನಿದ್ದ ಒಬ್ಬ. ಈ ಸಾಲಿನಲ್ಲಿ ತಾವೂ ಸಭ್ಯರಾಗಿ ಕೂತಿರುವುದು ಅವನಿಗೆ ಒಂದು ರೀತಿಯ ಹೆಮ್ಮೆಯನ್ನೇ ಕೊಟ್ಟಿತು. ಅಷ್ಟರಲ್ಲಿ ಬಾಗಿಲಲ್ಲಿ ಗಲಾಟೆಯೆದ್ದಿತು. ದಪ್ಪ ದನಿಯ ಹೆಂಗಸೊಬ್ಬಳು ತಮ್ಮನನ್ನು ತೋಳಿನಲ್ಲಿ ಆತುಕೊಂಡು ಬಂದವಳೇ, "ಯಾರ್ರೀ ಇದೀರಿ ಇಲ್ಲಿ? ಮೆಷಿನ್‌ಗೆ ಕೈ ಸಿಕ್ಕಿದೆ! ರಕ್ತ ಕಾಣಿಸಲ್ವಾ? ಪಟ್ಟಿ ಗಿಟ್ಟಿ ಎಲ್ಲಾ ಆಮೇಲೆ ಕಟ್ಕೊಳ್ಳಿ!" ಎಂದು ಇಡೀ ಹಾಲು ತಿರುಗಿ ನೋಡುವಂತೆ ಕೂಗಿದಳು. ಸಿಸ್ಟರ್ ಏನೋ ಹೇಳಹೋದಳು. ಈಕೆ ಕೇಳಿಸಿಕೊಳ್ಳದೆ ಮೇಜನ್ನೇ ಸೊಂಟದಿಂದ ಸರಿಸಿ ತಮ್ಮನನ್ನು ಒಳಕ್ಕೆ ಕರೆದುಕೊಂಡು ಹೋದಳು. ಕೂಗುವ ಶಕ್ತಿ ಇರುವವರಿಗೆ ನಿಜವಾದ ತೊಂದರೆ ಇರುವುದಿಲ್ಲ ಎನ್ನುವುದು ದೂರು ವಿಭಾಗದಲ್ಲಿ ಅವನು ಕಂಡುಕೊಂಡ ಸಿದ್ಧಾಂತ. ಅದನ್ನು ಹೆಂಡತಿಗೆ ಹೇಳೋಣವೆಂದು ತಿರುಗಿದರೆ, ಅವಳ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ಫ್ಯಾನ್ ಅವಳ ನೆತ್ತಿಯ ಮೇಲೇ ತಿರುಗುತ್ತಿತ್ತು.

"ಸೆಕೆನಾ?" ಎಂದ.

"ಇಲ್ಲ. ಚಳಿ."

ಬೆವರುತ್ತ ಚಳಿ ಎನ್ನುವವಳಿಗೆ ಅವನು ತನ್ನ ಕರ್ಚೀಫು ಕೊಟ್ಟ. ಬೆಳಿಗ್ಗೆ ಅವನು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತು, 'ಯಾಕೋ ಸಂಕಟ ಆಗ್ತಿದೆ ರೀ' ಎಂದಿದ್ದಳು. ಅವನು ಕನ್ನಡಿಯಿಂದ ಕಣ್ಣು ತೆಗೆಯದೆ, ಕೆನ್ನೆಯನ್ನು ಒಂದು ಕಡೆಗೆ ಉಬ್ಬಿಸಿಕೊಂಡೇ, 'ರಾತ್ರಿ ಊಟ ಲೇಟಾಯ್ತಲ್ಲ' ಎಂದಿದ್ದ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. ಇನ್ನೇನೋ ಹೇಳುವುದಿತ್ತೋ ಏನೋ. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು, ಸದ್ದು ನಿಂತಿತು, ತುಂಬ ಹೊತ್ತು ನಿಂತೇ ಇತ್ತು. ಅವನು ಹೋಗಿ ನೋಡಿದಾಗ ಅವಳು ನೆಲದ ಮೇಲೆ ಕಪಾಟಿಗೆ ಒರಗಿ ಕೂತಿದ್ದಳು. 'ಹೋಗೋಣ್ವಾ ಆಸ್ಪತ್ರೆಗೆ?' ಎಂದು ಕೇಳಿದಾಗ, 'ನಿಮಗೆ ಆಫೀಸಿಗೆ ತಡ ಆಗುತ್ತೆ' ಎಂದಳು. 'ಪರವಾಗಿಲ್ಲ' ಎಂದು ಅವನು ದೊಡ್ಡ ಮನಸ್ಸು ಮಾಡಿದ್ದ. ಆ ದೊಡ್ಡ ಮನಸ್ಸನ್ನು ನೆನೆದರೆ ಈಗ ಬೆಂಚಿನಡಿಗೆ ನುಸುಳಿಕೊಳ್ಳಬೇಕು ಎನ್ನಿಸಿತು.

ಅವಳು ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಹೇಳುತ್ತಾಳೆ. ಅವಳ ತರಗತಿಯಲ್ಲಿ ಒಂದೇ ಕಾನೂನು: ಕೈ ಎತ್ತಿದವರಿಗೆ ಮಾತು, ಕೂಗಿದವರಿಗೆ ಇಲ್ಲ. ಕೂಗುವವರನ್ನು ದಾಟಿ, ಹಿಂದಿನ ಸಾಲಿನಲ್ಲಿ ಕಿವಿಯ ಮಟ್ಟಕ್ಕೂ ಬಾರದಂತೆ ಸಂಕೋಚದಿಂದ ಎದ್ದ ಕೈಯನ್ನು ಹುಡುಕುವುದೇ ಮೇಷ್ಟ್ರ ಕೆಲಸ ಎಂದು ಅವಳು ಹೇಳುತ್ತಿದ್ದಳು. ಅವನು ಪೇಪರ್ ಓದುತ್ತ ಹೂಂಗುಟ್ಟುತ್ತಿದ್ದ. ಅಂಕ ಕೊಡುವುದರಲ್ಲಿ ಮಾತ್ರ ಅವಳು ಬಲು ಜಿಪುಣಿ. ಹತ್ತಕ್ಕೆ ಹತ್ತು ಯಾರಿಗೂ ಕೊಟ್ಟವಳಲ್ಲ. 'ಪೂರ್ತಿ ಕೊಟ್ಟುಬಿಟ್ರೆ ಆಮೇಲೆ ಕೊಡೋಕೆ ಏನಿರುತ್ತೆ?' ಮನೆಯಲ್ಲೂ ಅಷ್ಟೇ: ಅವನು ಮಾಡಿದ ಚಹಾಕ್ಕೆ ಐದು, ಮಡಿಚಿಟ್ಟ ಬಟ್ಟೆಗೆ ನಾಲ್ಕು. ಕಚೇರಿಯಲ್ಲಿ ಬೆಂಚು ಹಾಕಿಸಿದ ದಿನ ಅವನು ಸಿಹಿ ಹಿಡಿದು ಬಂದು ಎಲ್ಲ ವಿವರಿಸಿದಾಗ ಅವಳು ಪೂರ್ತಿ ಕೇಳಿ, 'ಅಲ್ಲಿ ಕೂತವರ ಮನೆಗೆ ನೀರು ಬಂತಾ?' ಎಂದಷ್ಟೇ ಕೇಳಿದ್ದಳು. ಅದಕ್ಕೆ ಎಷ್ಟು ಅಂಕ ಎಂದು ಅವನು ಕೇಳುವ ಧೈರ್ಯ ಮಾಡಲಿಲ್ಲ.

ಅಟೆಂಡರ್ ಒಬ್ಬ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಬಂದು, "ಹೊಟ್ಟೆನೋವು ಯಾರು? ಹೊಟ್ಟೆನೋವು!" ಎಂದು ಕೂಗಿದ. ಇವನು ಎದ್ದ, ಎದ್ದವನು ನಾವೇ ಎಂದು ಹೇಳುವ ಮುಂಚೆ ಹೇಗೆ ಹೇಳಬೇಕೆಂದು ಒಂದು ಗಳಿಗೆ ಯೋಚಿಸಿದ. ಆ ಗಳಿಗೆಯಲ್ಲಿ ಎದುರು ಗೋಡೆಯ ಕಡೆಯಿಂದ ಒಬ್ಬ ಧಡೂತಿ ಗಂಡಸು, "ನಮ್ಮತ್ತಿಗೆ! ನಮ್ಮತ್ತಿಗೆ!" ಎಂದು ಬಂದು ಗಾಲಿಕುರ್ಚಿಯ ಹಿಡಿಯನ್ನೇ ಹಿಡಿದ. ಅವರು ಮೊದಲು ಬಂದಿರಬಹುದು. ಬಂದಿಲ್ಲದೆಯೂ ಇರಬಹುದು. ಧಡೂತಿ ಇವನ ಕಡೆ ನೋಡಿದಾಗ, ಇವನ ಬಾಯಿ ತಂತಾನೇ, "ನೀವು ಹೋಗಿ, ನೀವು ಹೋಗಿ" ಎಂದಿತು. ಅಷ್ಟಕ್ಕೇ ನಿಲ್ಲಲಿಲ್ಲ, ಒಂದು ಚಕ್ರ ಸ್ಟ್ರೆಚರಿನ ಕಾಲಿಗೆ ಸಿಕ್ಕಿಕೊಂಡಾಗ ಬಗ್ಗಿ ಬಿಡಿಸಿಯೂ ಕೊಟ್ಟ. ವಾಪಸ್ ಬಂದು ಕೂತು, "ಹೋಗ್ಲಿ ಪಾಪ, ಅವರಿಗೆ ಜಾಸ್ತಿ ಇದ್ದ ಹಾಗಿತ್ತು" ಎಂದ.

"ಹೌದು, ಪಾಪ" ಎಂದಳು ಹೆಂಡತಿ. ಅವಳ ಕಣ್ಣು ಮುಚ್ಚಿತ್ತು. "ನೋವು ಬೆನ್ನಿಗೆ ಹೋಗ್ತಿದೆ ರೀ. ದವಡೆನೂ ಒಂಥರಾ ಹಿಡ್ಕೊಂಡಿದೆ."

ದವಡೆಗೂ ಹೊಟ್ಟೆಗೂ ಎಲ್ಲಿಯ ಸಂಬಂಧ ಎಂದು ಅವನಿಗೆ ಗೊತ್ತಾಗಲಿಲ್ಲ, ಆದರೆ ಭಯವಾಯಿತು. ಹೋಗಿ ಸಿಸ್ಟರಿಗೆ ಹೇಳಬೇಕು. ಏನೆಂದು? ಆಗ ಹೇಳಿದ್ದು ತಪ್ಪು, ಈಗ ಹೇಳುವುದು ಸರಿ ಎಂದೇ? ಎರಡನೇ ಸಲ ಬಂದು ದೂರನ್ನು ದೊಡ್ಡದು ಮಾಡುವವರನ್ನು ಅವನು ಕಚೇರಿಯಲ್ಲಿ ಎಂದೂ ನಂಬಿದವನಲ್ಲ. 'ಬೆಳಿಗ್ಗೆ ನಲ್ಲಿ ತೊಟ್ಟಿಕ್ಕುತ್ತೆ ಅಂದ್ರಿ, ಈಗ ಪೈಪೇ ಒಡೆದಿದೆ ಅಂತೀರಿ. ಯಾವುದು ನಿಜ?' ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದ. ಎರಡೂ ನಿಜವಾಗಿರಬಹುದು, ತೊಟ್ಟಿಕ್ಕುವ ನಲ್ಲಿ ತಾನು ಕೂರಿಸಿದ ಹೊತ್ತಿನಲ್ಲೇ ಒಡೆದಿರಬಹುದು ಎಂದು ಅವನಿಗೆ ಇಷ್ಟು ವರ್ಷದಲ್ಲಿ ಹೊಳೆದಿರಲಿಲ್ಲ. ಮೇಜಿನ ಹತ್ತಿರ ಹೋದ. ಅಲ್ಲಿ ಕೈಗಳ ಕಾಡೇ ಇತ್ತು. ಅವನು ಎಲ್ಲರ ಹಿಂದೆ, ಯಾರಿಗೂ ತಾಗದಂತೆ, ಮೈ ಕಿರಿದು ಮಾಡಿಕೊಂಡು ನಿಂತು ಮಾತನ್ನು ಮನಸ್ಸಿನಲ್ಲೇ ಉರುಹೊಡೆದ. ತನ್ನ ಪಾಳಿ ಬಂದಾಗ ಉರುಹೊಡೆದದ್ದು ಮರೆತುಹೋಗಿ, "ಸಿಸ್ಟರ್, ಅದೇ, ಆಗ ಹೇಳಿದ್ನಲ್ಲ, ಅದು ಈಗ ಸ್ವಲ್ಪ ಜಾಸ್ತಿ..." ಎಂದ.

ಸಿಸ್ಟರ್ ಗುರುತು ಹಿಡಿದಳು. ದಣಿದ ಮುಖದಲ್ಲಿ ಅದೇ ನಗು ಬರಲು ಪ್ರಯತ್ನಿಸಿತು. "ನೋಡ್ತಿದೀರಲ್ಲ ಸರ್, ಒಳಗೆ ಇಬ್ರೇ ಡಾಕ್ಟ್ರು. ಎಲ್ರೂ ಹೀಗೇ ಬಂದ್ರೆ ನಾನೇನು ಮಾಡ್ಲಿ? ನೀವಾದ್ರೂ ಅರ್ಥ ಮಾಡ್ಕೊಳ್ಳಿ. ಸ್ವಲ್ಪ ಕೂತ್ಕೊಳ್ಳಿ."

ನೀವಾದ್ರೂ! ಆ ಒಂದು ಮಾತಿಗೆ ಅವನು ಮಂಜಿನ ಹಾಗೆ ಕರಗಿಬಿಟ್ಟ. ಅರ್ಥ ಮಾಡಿಕೊಳ್ಳುವವನು ಈ ಜಂಗುಳಿಯಲ್ಲೆಲ್ಲ ತಾನೊಬ್ಬನೇ ಎಂದು ಸಿಸ್ಟರ್ ಒಪ್ಪಿದ್ದಳು. "ಪರವಾಗಿಲ್ಲ ಪರವಾಗಿಲ್ಲ" ಎಂದು ಹಿಂದಕ್ಕೆ ಸರಿದು, ಅರ್ಧ ದಾರಿ ಬಂದ ಮೇಲೆ ತಾನೇನು ಮಾಡಿದೆ ಎನ್ನುವುದು ತಿಳಿಯಿತು. ಒಂದು ಹೊಗಳಿಕೆಗೆ ಹೆಂಡತಿಯನ್ನು ಮಾರಿಬಂದಿದ್ದ. ಅಲ್ಲೇ, ಹಾಲಿನ ನಡುವೆ ನಿಂತ. ತಿರುಗಿ ಹೋಗಿ ಕೂಗಬೇಕು ಎಂದುಕೊಂಡ. ಅವನಿಗೆ ಕೂಗಲು ಬರುವುದಿಲ್ಲವೆಂದಲ್ಲ. ಮನೆಯಲ್ಲಿ ಇಲಿ, ಬೀದಿಯಲ್ಲಿ ಹುಲಿ ಎಂದು ಗಂಡಸರ ಬಗ್ಗೆ ಹೇಳುತ್ತಾರೆ; ಅವನದು ತಿರುಗುಮುರುಗು. ಛತ್ರಿ ಸಿಗದಿದ್ದರೆ, ಶರ್ಟಿನ ಗುಂಡಿ ಹೋಗಿದ್ದರೆ, ಪೇಪರಿನ ಹಾಳೆ ಹಿಂದುಮುಂದಾಗಿದ್ದರೆ ಪಕ್ಕದ ಮನೆಗೆ ಕೇಳುವಂತೆ ಕೂಗಿದ್ದಾನೆ, ಇದೇ ಹೆಂಡತಿಯ ಮೇಲೆ. ಅವಳಿಗಾಗಿ ಕೂಗಬೇಕಾದ ದಿನ ಗಂಟಲಲ್ಲಿ ಎಂಜಲಿಗೂ ಬರ.

"ನೀವು ನೀರಿನ ಆಫೀಸಿನವರಲ್ವಾ ಸರ್?"

ತಿರುಗಿ ನೋಡಿದರೆ ಅದೇ ದಪ್ಪ ದನಿಯ ಹೆಂಗಸು. ಸೆರಗಿಗೆ ರಕ್ತ ಮೆತ್ತಿತ್ತು. ಇಲ್ಲ ಎನ್ನೋಣವೆಂದುಕೊಂಡ, ತಲೆ ಹೌದೆಂದು ಆಡಿತು. ಅವಳ ಮುಖ ಅರಳಿತು. "ಗೊತ್ತಾಯ್ತು ನಂಗೆ! ನಮ್ಮ ಬೀದಿಗೆ ನೀರಿಲ್ಲ ಅಂತ ಎಷ್ಟು ದಿನ ಬಂದು ನಿಮ್ಮ ಬೆಂಚಿನ ಮೇಲೆ ಕೂತಿದ್ದೆ. ನೀವು ಕೂತ್ಕೊಳ್ಳಿ ಅಂತಿದ್ರಿ, ಕೂತ್ಕೊತಿದ್ದೆ. ಆಮೇಲೆ ಒಂದಿನ ಎದ್ದು ನಿಂತು ಬಾಯಿ ಮಾಡ್ದೆ ನೋಡಿ, ಸಾಯಂಕಾಲಾನೇ ನೀರು ಬಂತು. ಅವತ್ತೇ ಕಲ್ತೆ ಸರ್, ಕೂತ್ರೆ ಕೆಟ್ವಿ ಅಂತ." ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ. ನಿಜವಾಗಿಯೂ ಉಪಕಾರ ಸ್ಮರಿಸುತ್ತಿದ್ದಳು. "ತಮ್ಮನ್ನ ಒಳಗೆ ತಗೊಂಡಿದಾರೆ, ಬೆರಳು ಉಳಿಯುತ್ತಂತೆ. ನಿಮ್ದು ಯಾರು ಸರ್?"

"ಹೆಂಡತಿ" ಎಂದ.

"ಎಲ್ಲಿದಾರೆ?"

ಅವನು ಬೆಂಚಿನ ಕಡೆ ತೋರಿಸಿದ. ಆ ಹೆಂಗಸು ಬೆಂಚನ್ನು ನೋಡಿದಳು, ಅವನನ್ನು ನೋಡಿದಳು.

ಅವಳು ನೋಡಿದ ಕಡೆಗೇ ಅವನೂ ನೋಡಿದ. ಹೆಂಡತಿಯ ಬಲಗೈ ಮೇಲೆದ್ದಿತ್ತು. ಕೂದಲು ಸರಿಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡ. ಇಲ್ಲ, ಕೈ ತಲೆಯನ್ನು ದಾಟಿ ಮೇಲೆ ಹೋಯಿತು. ಒಳಗಿನ ಪರದೆ ಸರಿಸಿ ಹೊರಬಂದಿದ್ದ ಎಳೆ ವಯಸ್ಸಿನ ಡಾಕ್ಟರ್ ಯಾವುದೋ ಸ್ಟ್ರೆಚರಿನ ಮೇಲೆ ಬಗ್ಗಿದ್ದ. ಆ ಡಾಕ್ಟರ ಕಡೆಗೆ ಮುಖ ಮಾಡಿ, ಎಡಗೈಯಲ್ಲಿ ಎದೆಯಡಿಯನ್ನು ಒತ್ತಿ ಹಿಡಿದು, ನಾಲ್ಕನೇ ತರಗತಿಯ ಮೇಡಂ ಕೈ ಎತ್ತಿ ಕೂತಿದ್ದಳು. ಹಸಿರು ಪಟ್ಟಿ ಮಣಿಕಟ್ಟಿನಿಂದ ಮೊಣಕೈವರೆಗೆ ಜಾರಿತ್ತು. ಕೂಗಲಿಲ್ಲ. ತನ್ನ ಮಕ್ಕಳಿಗೆ ಕಲಿಸಿದ್ದನ್ನೇ ಮಾಡುತ್ತಿದ್ದಳು. ಡಾಕ್ಟರ್ ತಲೆ ಎತ್ತಿದ, ಬೇರೆ ಕಡೆ ನೋಡಿದ, ಇನ್ನೊಂದು ಸ್ಟ್ರೆಚರಿಗೆ ಹೋದ. ಕೈ ಇನ್ನೂ ಸ್ವಲ್ಪ ಹೊತ್ತು ಮೇಲೇ ಇತ್ತು. ಆಮೇಲೆ ಇಳಿಯಿತು.

ಅವನು ಓಡಿ ಹೋಗಿ ಅವಳ ಮುಂದೆ ಕುಕ್ಕರಿಸಿದ. "ಕಾಣಿಸಲ್ಲ ಅಲ್ವಾ ರೀ ಇಲ್ಲಿಂದ?" ಎಂದಳು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು.

ಕಾಣಿಸುವುದಿಲ್ಲ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಣಿಸದಿರಲೆಂದೇ ಹಾಕುವುದು ಬೆಂಚು. ಅವನು ಎದ್ದ. ಬೆಂಚು ಹತ್ತಬೇಕು ಎಂದು ತೀರ್ಮಾನಿಸಿದ್ದು ತಲೆಯಲ್ಲ, ಕಾಲು. ಹತ್ತುವ ಮುಂಚೆ ಚಪ್ಪಲಿ ಬಿಚ್ಚಿಟ್ಟ, ಬಿಚ್ಚಿಟ್ಟ ಚಪ್ಪಲಿಯನ್ನು ಜೋಡಿಸಿಯೂ ಇಟ್ಟ. ಹೆಂಡತಿ ಸಾಯುತ್ತಿದ್ದರೂ ಕೂರುವ ಜಾಗ ಕೊಳೆಯಾಗಬಾರದು ನೋಡಿ. ಬಡಗಿಯ ಹೆಗಲು ಹಿಡಿದು ಮೇಲೇರಿ ನೆಟ್ಟಗೆ ನಿಂತ. ಫ್ಯಾನ್ ಹತ್ತಿರದಲ್ಲೇ ತಿರುಗುತ್ತಿತ್ತು. ಅಲ್ಲಿಂದ ಹಾಲು ಪೂರ್ತಿ ಕಂಡಿತು. ಎಷ್ಟೊಂದು ತಲೆ, ಎಷ್ಟೊಂದು ಮೇಲೆ ನೋಡುವ ಮುಖ! ಬಾಯಿ ತೆರೆದ. ದನಿ ಹೊರಡಲಿಲ್ಲ. ಇನ್ನೊಮ್ಮೆ ತೆರೆದ. ಗಾಳಿ ಬಂತು. ಏನೂ ತೋಚದೆ ಬಲಗೈಯನ್ನು ಮೇಲೆತ್ತಿದ. ಲೆಕ್ಕ ತಪ್ಪಿದ್ದಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ, ನರೆತ ತಲೆ, ಬರಿಗಾಲು, ಜೇಬಿನಲ್ಲಿ ಕಚೇರಿಯ ಪೆನ್ನು ಸಿಕ್ಕಿಸಿಕೊಂಡು ಬೆಂಚಪ್ಪ ಕೈ ಎತ್ತಿ ನಿಂತ. ಜ್ವರದ ಮಗು ಮೊದಲು ಅವನನ್ನು ನೋಡಿ ನಕ್ಕಿತು. ಆಮೇಲೆ ಡ್ರಿಪ್ ಹಿಡಿದವರು, ಆಂಬುಲೆನ್ಸಿನ ಡ್ರೈವರುಗಳು, ಒಬ್ಬೊಬ್ಬರಾಗಿ ತಿರುಗಿದರು. ಹಾಲಿನ ಸದ್ದು ಒಂದಿಷ್ಟು ಇಳಿಯಿತು. "ಬಂತಾ ನನ್ ಸರದಿ?" ಎಂದು ಮುದುಕ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಸರ್! ಏನಿದು ಸರ್, ಕೆಳಗಿಳೀರಿ!" ಸಿಸ್ಟರ್ ಓಡಿಬಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಮೋಸಹೋದ ದುಃಖವಿತ್ತು. ಈ ಮನುಷ್ಯನೂ ಹೀಗೆಯೇ?

"ಸುಳ್ಳು ಹೇಳ್ದೆ ಸಿಸ್ಟರ್" ಎಂದ. ಆಗ ಬಂತು ದನಿ, ಬಂದದ್ದೇ ತಡ ಒಡೆದು ಹೋಯಿತು. "ಗ್ಯಾಸ್ ಅಂದಿದ್ದು ನಾನು. ಅವಳು ಅನ್ನಲಿಲ್ಲ. ನಂಗೇನು ಗೊತ್ತು? ನನ್ನ ಕೇಳ್ಬೇಡಿ, ಅವಳನ್ನ ಕೇಳಿ. ಒಂದ್ಸಲ ಅವಳನ್ನ ಕೇಳಿ!"

ಎಳೆ ಡಾಕ್ಟರ್ ಸ್ಟ್ರೆಚರುಗಳ ನಡುವೆ ಅಡ್ಡಡ್ಡ ನಡೆದು ಬಂದ. ಅವನ ಕೋಟಿನ ಜೇಬು ಹರಿದಿತ್ತು. ಬೆಂಚಿನ ಮೇಲಿದ್ದವನ ಕಡೆ ನೋಡಲೂ ಇಲ್ಲ. ಹೆಂಡತಿಯ ಮುಂದೆ ಮೊಣಕಾಲೂರಿ ನಾಡಿ ಹಿಡಿದು, "ಎಲ್ಲಿ ನೋವು ಅಮ್ಮಾ? ಎಷ್ಟಿದೆ? ಹತ್ತಕ್ಕೆ ಎಷ್ಟು ಕೊಡ್ತೀರಿ?" ಎಂದ.

ಅವಳು ಮೊದಲು ಗಂಡನ ಕಡೆ ನೋಡಿದಳು. ಎಷ್ಟೋ ವರ್ಷಗಳ ಅಭ್ಯಾಸ. ಯಾರಾದರೂ ಮನೆಗೆ ಬಂದು ಹೇಗಿದ್ದೀರಮ್ಮಾ ಎಂದರೆ ಹೀಗೆಯೇ ಅವನ ಕಡೆ ನೋಡುತ್ತಿದ್ದಳು, ಅವನು 'ಚೆನ್ನಾಗಿದ್ದಾಳೆ' ಎನ್ನುತ್ತಿದ್ದ. ಅವನ ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿಕೊಂಡ.

"ಹತ್ತು" ಎಂದಳು. ಒಂದು ಉಸಿರು ಎಳೆದುಕೊಂಡು, "ಬೆಳಗ್ಗೆಯಿಂದ ಹತ್ತೇ" ಎಂದಳು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಅಲ್ಲೇ ಅವನನ್ನು ಕೆಳಗಿಳಿಸಿ, ಬಡಗಿಯನ್ನೂ ಮಗುವಿನ ತಾಯಿಯನ್ನೂ ಎಬ್ಬಿಸಿ ಅವಳನ್ನು ಬೆಂಚಿನ ಮೇಲೆ ಮಲಗಿಸಿ, ಇಬ್ಬರು ಸಿಸ್ಟರುಗಳು ಬೆಡ್‌ಶೀಟು ಮರೆ ಹಿಡಿದು, ಇಸಿಜಿ ತೆಗೆದರು. ಕಾಗದದ ಸುರುಳಿಯನ್ನು ನೋಡಿದ ಡಾಕ್ಟರ್, "ಇದು ಹೊಟ್ಟೆ ಅಲ್ಲ, ಹಾರ್ಟು" ಎಂದ. ಇನ್ನಾರನ್ನೋ ಇಳಿಸಿ ಸ್ಟ್ರೆಚರ್ ತಂದರು. ಯಾರನ್ನು ಇಳಿಸಿದರೆಂದು ಅವನು ನೋಡಲಿಲ್ಲ, ನೋಡಲು ಮನಸ್ಸೂ ಆಗಲಿಲ್ಲ. ಸಿಸ್ಟರ್ ಕತ್ತರಿಯಿಂದ ಹಸಿರು ಪಟ್ಟಿ ಕತ್ತರಿಸಿ ಕೆಂಪು ಕಟ್ಟಿದಳು. ಅವನು ಇನ್ನೂ ಬರಿಗಾಲಲ್ಲಿ ನಿಂತಿರುವುದನ್ನು ಕಂಡು, "ನೀವು ಅಂಥದ್ದೇನಿಲ್ಲ ಅಂದ್ರಲ್ಲ ಸರ್" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಾಗಿಲು ಮುಚ್ಚಿತು. ಬೆಂಚಿನಲ್ಲಿ ಅವರ ಜಾಗಕ್ಕೆ ಆಗಲೇ ಬೇರೆಯವರು ಬಂದು ಕೂತಿದ್ದರು. ಅವನು ಮುಚ್ಚಿದ ಬಾಗಿಲ ಪಕ್ಕ ನಿಂತು, ಬಂಧುಗಳಿಗೆ ಏನು ಹೇಳಬೇಕೆಂದು ಯೋಚಿಸತೊಡಗಿದ. ಆಸ್ಪತ್ರೆಯಲ್ಲಿ ಎಂಥ ರಶ್ಶು ಅಂತೀರಿ, ಕೇಳುವವರೇ ದಿಕ್ಕಿಲ್ಲ, ಇಬ್ಬರೇ ಡಾಕ್ಟರು, ಹಾಸಿಗೆ ಇಲ್ಲ. ಎಲ್ಲ ನಿಜ. ಒಂದು ಕಠಿಣವಾದ ದೂರನ್ನು ಬರೆಯಬೇಕೆಂದು ತಲೆಯಲ್ಲೇ ಮೊದಲ ಸಾಲನ್ನೂ ಜೋಡಿಸಿದ. ಆ ದೂರು ಹೋಗಿ ಸೇರುವ ಕಚೇರಿಯೂ, ಅಲ್ಲಿ ಕನ್ನಡಕದ ಮೇಲಿಂದ ನೋಡುವ ಮನುಷ್ಯನೂ ಕಣ್ಣ ಮುಂದೆ ಬಂದು ನಿಂತಾಗ ಎರಡನೇ ಸಾಲು ಹೊಳೆಯಲಿಲ್ಲ. ಹಾಲು ಖಾಲಿ ಇದ್ದಿದ್ದರೂ ಅವನು ಅಂಥದ್ದೇನಿಲ್ಲ ಎಂದೇ ಹೇಳುತ್ತಿದ್ದ. ಖಾಲಿ ಇದ್ದಿದ್ದರೆ ಅವನ ಮಾತನ್ನು ದಾಟಿ ಅವಳನ್ನು ಕೇಳಲು ಸಿಸ್ಟರಿಗೆ ಬಿಡುವಿರುತ್ತಿತ್ತು, ಅಷ್ಟೇ.

ಡಾಕ್ಟರ್ ಹೊರಬಂದಾಗ ಹೊರಗಿನ ಬಿಸಿಲು ಹಾಲಿನ ನಡುವಿನವರೆಗೆ ಬಂದಿತ್ತು. "ಜೀವಕ್ಕೆ ಭಯ ಇಲ್ಲ. ಮುಚ್ಚಿದ್ದ ರಕ್ತನಾಳ ತೆರೆದಿದೀವಿ" ಎಂದ. "ಆದ್ರೆ ತಡ ಆಯ್ತು. ಹಾರ್ಟಿನ ಒಂದಿಷ್ಟು ಭಾಗ ಸತ್ತುಹೋಗಿದೆ, ಅದು ವಾಪಸ್ ಬರಲ್ಲ. ಮೆಟ್ಟಿಲು ಹತ್ತೋದು, ಜೋರಾಗಿ ಮಾತಾಡೋದು ಇನ್ಮೇಲೆ ಕಷ್ಟ. ಏನು ಕೆಲಸ ಮಾಡ್ತಾರೆ?"

"ಪಾಠ ಹೇಳ್ತಾಳೆ."

ಡಾಕ್ಟರ್ ಅದನ್ನು ಚೀಟಿಯಲ್ಲಿ ಬರೆದುಕೊಂಡ. "ನೋವು ಸರಿಯಾಗಿ ಯಾವಾಗ ಶುರುವಾಯ್ತು?"

"ನಂಗೊತ್ತಿಲ್ಲ" ಎಂದ. ಹಾಗೆ ಹೇಳುವುದು ಇಷ್ಟು ಸುಲಭವೆಂದು ತಿಳಿದಿರಲಿಲ್ಲ. "ಅವಳನ್ನೇ ಕೇಳ್ಬೇಕು."

ಒಂದು ನಿಮಿಷಕ್ಕೆಂದು ಒಳಗೆ ಬಿಟ್ಟರು. ಒಳಗೂ ಅದೇ ಇಕ್ಕಟ್ಟು. ಎರಡು ಮಂಚದ ನಡುವೆ ಮೂರನೆಯದನ್ನು ತುರುಕಿದ್ದರು, ಅವಳದು ಮೂರನೆಯದು. ಮುಖಕ್ಕೆ ಆಕ್ಸಿಜನ್ ಮುಸುಕು. ಪಕ್ಕದಲ್ಲಿ ನಿಲ್ಲಲು ಜಾಗವಿಲ್ಲದೆ ಅವನು ಕಾಲ ದೆಸೆಯಲ್ಲಿ ನಿಂತ. "ಈಗ ಎಷ್ಟು?" ಎಂದ.

ಅವಳು ಮುಸುಕನ್ನು ಬೆರಳಿಂದ ತುಸು ಎತ್ತಿ, ಪ್ರಾಮಾಣಿಕವಾಗಿ ಯೋಚಿಸಿ, "ನಾಲ್ಕು" ಎಂದಳು. ಅವನ ಬರಿಗಾಲು ನೋಡಿದಳು. "ಚಪ್ಪಲಿ ಎಲ್ಲಿ ರೀ?"

"ಬೆಂಚಿನ ಹತ್ರ. ಬಿಚ್ಚಿಟ್ಟು ಹತ್ತಿದ್ದೆ."

"ನೋಡ್ದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಹತ್ತಿದ್ದಕ್ಕೆ ಮೂರು."

"ಮೂರೇನಾ?"

"ತಡವಾಗಿ ಹತ್ತಿದ್ರಿ" ಎಂದು ಮುಸುಕು ಹಾಕಿಕೊಂಡು ಕಣ್ಣು ಮುಚ್ಚಿದಳು.

ಮೂರಕ್ಕೆ ಯಾವ ಶಾಲೆಯಲ್ಲೂ ಪಾಸಿಲ್ಲ. ಅವನ ಕಣ್ಣು ತುಂಬಿ ಬಂತು. ಹಿಂದಿನಿಂದ ಯಾರೋ ಸಿಸ್ಟರ್, "ಆಯ್ತು ಸರ್, ಹೊರಗೆ ಸ್ವಲ್ಪ ಕೂತ್ಕೊಳ್ಳಿ, ಕರೀತೀವಿ" ಎಂದಳು.

"ಇಲ್ಲ" ಎಂದ. ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಪಕ್ಕದ ಮಂಚದವರು ತಲೆ ಎತ್ತಿದರು. "ನಾನು ನಿಂತಿರ್ತೀನಿ."

ಮುಸುಕಿನೊಳಗೆ ಹೆಂಡತಿಯ ತುಟಿ ಒಂದು ಬದಿಗೆ ಸರಿಯಿತು. ನಗುವೋ, ನೋವೋ ಅವನಿಗೆ ಗೊತ್ತಾಗಲಿಲ್ಲ. ಮಂಚದ ಕಬ್ಬಿಣ ಹಿಡಿದುಕೊಂಡು ಮುಂದಕ್ಕೆ ಬಾಗಿ, ಯಾವುದೆಂದು ಅವಳನ್ನೇ ಕೇಳಿದ.